ಮುಟ್ಟದ ಪಾಸ್‌ಬುಕ್ ಮತ್ತು ನನ್ನ ಬೆನ್ನು

ನನಗೆ ಬೆನ್ನುಮೂಳೆಯ ಕ್ಷಯ ಆಗಿತ್ತು. ಈಗ ವಾಸಿಯಾಗಿದೆ. ನಡೆಯುತ್ತೇನೆ, ಮೆಟ್ಟಿಲು ಹತ್ತುತ್ತೇನೆ, ಸೀಟು ಸಿಗದಿದ್ದರೆ ಬಸ್ಸಿನಲ್ಲಿ ನಿಂತುಕೊಂಡೇ ಭದ್ರಾವತಿಗೆ ಹೋಗಿಬರುತ್ತೇನೆ. ಮುಖ್ಯವಾದದ್ದನ್ನು ಮೊದಲ ಪ್ಯಾರಾದಲ್ಲೇ ಹೇಳಬೇಕು ಎಂದು ಸುದ್ದಿಮನೆಯಲ್ಲಿ ಕಲಿಸುತ್ತಾರೆ. ಇಲ್ಲಿ ಹಾಗೆ ಮಾಡಲು ಇನ್ನೊಂದು ಕಾರಣವೂ ಇದೆ. ಇದನ್ನು ಯಾರಾದರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಓದುತ್ತಿದ್ದರೆ, ಈ ಮನುಷ್ಯ ಕೊನೆಗೆ ಏನಾದ ಎಂದು ತಿಳಿಯಲು ಅವರು ಕೊನೆಯ ಸಾಲಿನವರೆಗೆ ಕಾಯಬಾರದು. ಕಾಯುವ ಕೆಲಸ ಅವರಿಗೆ ಈಗಾಗಲೇ ಬೇಕಾದಷ್ಟಿರುತ್ತದೆ.

ಕಾಯಿಲೆ ಶುರುವಾದದ್ದರಿಂದ ಮಾತ್ರೆ ನಿಲ್ಲಿಸುವವರೆಗೆ ಒಟ್ಟು ಒಂದೂವರೆ ವರ್ಷ. ಅದರಲ್ಲಿ ಮೊದಲ ಐದು ತಿಂಗಳಿಗೂ ಹೆಚ್ಚು ಕಾಲ ನಾನು ಅದನ್ನು ಮುಚ್ಚಿಟ್ಟಿದ್ದೆ. ದುಡ್ಡಿಲ್ಲದೆ ಮುಚ್ಚಿಡಲಿಲ್ಲ. ಡಾಕ್ಟರು ಸಿಗದೆಯೂ ಅಲ್ಲ. ನಮಗಿದ್ದಷ್ಟು ಹತ್ತಿರದ ಡಾಕ್ಟರು ಶಿವಮೊಗ್ಗದಲ್ಲಿ ಬಹಳ ಜನಕ್ಕೆ ಇರಲಿಲ್ಲ. ಪ್ರತಿ ಗುರುವಾರ ಅವರು ನಮ್ಮ ಮನೆಗೆ ಬಂದು, ಕಾಫಿ ಕುಡಿದು, ಹೇಗಿದ್ದೀರಿ ಎಂದು ಕೇಳಿ ಹೋಗುತ್ತಿದ್ದರು. ನಾನು ಪ್ರತಿ ಗುರುವಾರ ಚೆನ್ನಾಗಿದ್ದೀನಿ ಅನ್ನುತ್ತಿದ್ದೆ.

ಇದು ಅರ್ಥವಾಗಬೇಕಾದರೆ ನಮ್ಮ ಪಾಸ್‌ಬುಕ್ಕಿನ ವಿಷಯ ಹೇಳಬೇಕು.

ನಾನು ಶಿವಮೊಗ್ಗದ ಒಂದು ದಿನಪತ್ರಿಕೆಯಲ್ಲಿ ಜಿಲ್ಲಾ ಪುಟ ನೋಡಿಕೊಳ್ಳುವ ಉಪಸಂಪಾದಕ. ಮನೆ ರವೀಂದ್ರನಗರದಲ್ಲಿ. ಹೆಂಡತಿ ಗಿರಿಜ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಅವಳ ತವರು ಭದ್ರಾವತಿಯ ಓಲ್ಡ್ ಟೌನ್. ಮಾವ ಮಹೇಶ್ವರಪ್ಪನವರು ಅಲ್ಲಿನ ಒಂದು ಖಾಸಗಿ ಎರಕದ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದರು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಆ ಕಾರ್ಖಾನೆ ಮುಚ್ಚಿತು. ಅದಕ್ಕೆ ತನ್ನದೇ ಒಬ್ಬ ಡಾಕ್ಟರಿದ್ದರು, ವರದರಾಜನ್ ಎಂದು. ಹುಟ್ಟಿದ್ದೂ ಬೆಳೆದದ್ದೂ ಭದ್ರಾವತಿಯಲ್ಲೇ. ಮನೆಯೊಳಗೆ ತಮಿಳು, ಹೊಸಿಲು ದಾಟಿದರೆ ಕನ್ನಡ. ಕಾರ್ಮಿಕರ ಮನೆಮಂದಿಯನ್ನೆಲ್ಲ ಇಪ್ಪತ್ತು ವರ್ಷ ನೋಡಿಕೊಂಡವರು. ಕಾರ್ಖಾನೆಯ ಗೇಟಿಗೆ ಬೀಗ ಬಿದ್ದಾಗ ಅವರಿಗೂ ಕೆಲಸ ಹೋಯಿತು.

"ಫರ್ನೇಸ್ ಆರ್ತು, ಆರ್ಲಿ. ಡಾಕ್ಟ್ರು ಯಾಕೆ ಹೋಗ್ಬೇಕು?" ಎಂದು ಮಾವ ಕೇಳಿದರಂತೆ.

ಅವರೇ ಒಂದು ದಾರಿ ಹುಡುಕಿದರು. ಮೂವತ್ತು ಚಿಲ್ಲರೆ ಮನೆಗಳು ನೌಕರರ ಸಹಕಾರ ಸಂಘದಲ್ಲಿ ಒಂದೊಂದು ಉಳಿತಾಯ ಖಾತೆ ತೆರೆದವು. ತಿಂಗಳಿಗಿಷ್ಟು ಕಟ್ಟಬೇಕು, ತೆಗೆಯುವುದು ಆರೋಗ್ಯಕ್ಕೆ ಮಾತ್ರ, ಮದುವೆಗಾಗಲಿ ಮನೆಗಾಗಲಿ ಮುಟ್ಟುವಂತಿಲ್ಲ. ವರ್ಷಕ್ಕೊಮ್ಮೆ ಪ್ರತಿ ಖಾತೆಯಿಂದ ಡಾಕ್ಟರ ಪಾಲು ಹೋಗುತ್ತದೆ. ಕರೆದರೂ ಅಷ್ಟೆ, ಕರೆಯದಿದ್ದರೂ ಅಷ್ಟೆ. ಉಳಿದ ಹಣ ಎಕ್ಸ್‌ರೇಗೆ, ರಕ್ತಪರೀಕ್ಷೆಗೆ, ಆಸ್ಪತ್ರೆಗೆ. ಪ್ರತಿಯಾಗಿ ಡಾಕ್ಟರು ಮನೆಗೇ ಬರುತ್ತಾರೆ, ಯಾವಾಗ ಫೋನ್ ಮಾಡಿದರೂ ಎತ್ತುತ್ತಾರೆ, ದೊಡ್ಡ ಆಸ್ಪತ್ರೆಗೆ ಹೋಗಬೇಕಾದರೆ ಜೊತೆಗೆ ಬರುತ್ತಾರೆ. ಈಗ ದೊಡ್ಡ ಊರುಗಳಲ್ಲಿ ಅನುಕೂಲಸ್ಥರು ಹೀಗೆ ಡಾಕ್ಟರನ್ನು ಗೊತ್ತುಮಾಡಿಕೊಳ್ಳುತ್ತಾರೆ ಎಂದು ಕೇಳಿದ್ದೇನೆ. ಓಲ್ಡ್ ಟೌನಿನಲ್ಲಿ ಕೆಲಸ ಕಳೆದುಕೊಂಡ, ಎರಕದ ಅಚ್ಚು ಕಟ್ಟುವ ಮೋಲ್ಡರುಗಳು, ಫಿಟ್ಟರುಗಳು ಇದನ್ನು ಮಾಡಿದ್ದರು. ಮನೆಮಗಳೆಂದು ಗಿರಿಜಳ ಹೆಸರಿನಲ್ಲೂ ಒಂದು ಪಾಸ್‌ಬುಕ್ ಬಂತು. ಡಾಕ್ಟರು ಗುರುವಾರ ಗುರುವಾರ ಶಿವಮೊಗ್ಗದ ಕೋಟೆಯ ಹತ್ತಿರವಿದ್ದ ತಮ್ಮ ಅಕ್ಕನ ಮನೆಗೆ ಬರುತ್ತಿದ್ದರು. ಹಾಗೆ ಬಂದವರು ನಮ್ಮ ಮನೆಗೂ ಬಂದು ಹೋಗುವುದು ರೂಢಿಯಾಯಿತು.

ಇಷ್ಟರವರೆಗೆ ಯಾವ ತಪ್ಪೂ ಇಲ್ಲ. ತಪ್ಪು ಇದ್ದದ್ದು ತೆಂಗಿನಕಾಯಿಯಲ್ಲಿ.

ಡಾಕ್ಟರ ಕೋಣೆ ಓಲ್ಡ್ ಟೌನಿನ ಒಂದು ಔಷಧಿ ಅಂಗಡಿಯ ಮಹಡಿಯಲ್ಲಿತ್ತು. ಯುಗಾದಿ ಕಳೆದ ಮೊದಲ ಭಾನುವಾರ ಎಲ್ಲ ಮನೆಯವರೂ ಪಾಸ್‌ಬುಕ್ ಹಿಡಿದು ಅಲ್ಲಿಗೆ ಬರಬೇಕು. ಸಂಘದ ಕಾರ್ಯದರ್ಶಿ ಡಾಕ್ಟರ ಪಾಲನ್ನು ಬರೆದುಕೊಳ್ಳುತ್ತಿದ್ದರು. ಆಮೇಲೆ ಮಾವ ಎದ್ದು ನಿಂತು, ಆ ವರ್ಷ ಬೇರೆ ಯಾವುದಕ್ಕೂ ಹಣ ತೆಗೆಯದ ಮನೆಗಳ ಪಟ್ಟಿ ಓದುತ್ತಿದ್ದರು. ಅದಕ್ಕೆ ಎಲ್ಲರೂ 'ಮುಟ್ಟದ ಪುಸ್ತಕ' ಎನ್ನುತ್ತಿದ್ದರು. ಹೆಸರು ಕರೆದವರಿಗೆ ಅರಿಶಿನ ಹಚ್ಚಿದ ಒಂದು ತೆಂಗಿನಕಾಯಿ, ಒಂದು ಮೊಳ ಹೂವು, ಚಪ್ಪಾಳೆ. ಗಿರಿಜಳ ಪುಸ್ತಕ ಆರು ವರ್ಷದಿಂದ ಮುಟ್ಟದ ಪುಸ್ತಕ. ನಮ್ಮ ಮನೆಯಲ್ಲಿ ಅದು ದೇವರ ಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕ ಇರುತ್ತಿತ್ತು. ಮೊದಲು ಅಲ್ಲಿಟ್ಟದ್ದು ಕಳೆದುಹೋಗದಿರಲಿ ಎಂದು. ಕ್ರಮೇಣ ಅದಕ್ಕೂ ಹೂವು ಏರತೊಡಗಿತು.

ನೋವು ಕಾಣಿಸಿಕೊಂಡದ್ದು ದಸರಾ ರಜೆಯ ಮರುವಾರ. ಎರಡೂ ಹೆಗಲಿನ ನಡುವಿನಿಂದ ಒಂದು ಗೇಣು ಕೆಳಗೆ. ದಿನಕ್ಕೆ ಏಳೆಂಟು ಗಂಟೆ ಕುರ್ಚಿಯಲ್ಲಿ ಬಗ್ಗಿ ಕೂರುವ ಕೆಲಸ. ಬೆನ್ನು ನೋಯದಿದ್ದರೆ ಆಶ್ಚರ್ಯಪಡಬೇಕು. ಪಕ್ಕದ ಮೇಜಿನ ನಾಗರಾಜ ತನ್ನ ಡ್ರಾಯರಿನಿಂದ ಮುಲಾಮಿನ ಡಬ್ಬಿ ಕೊಟ್ಟ.

"ಹಚ್ಕೋ ಮಾರಾಯ. ಇಲ್ಲಿ ಬೆನ್ನು ನೋಯ್ದೇ ಇರೋದು ಒಂದೇ ಒಂದು ಪ್ರಾಣಿಗೆ. ಅದು ಸಂಪಾದಕರು. ಅವ್ರು ಕೂರೋದೇ ಇಲ್ಲ."

ಮುಲಾಮು ಮುಗಿಯಿತು. ನೋವಿನ ಮಾತ್ರೆ ಶುರುವಾಯಿತು. ಕಚೇರಿಯ ಹಾದಿಯಲ್ಲಿನ ಅಂಗಡಿಯಿಂದ, ಜೇಬಿನ ಕಾಸಿನಿಂದ, ಚೀಟಿ ಇಲ್ಲದೆ. ಡಾಕ್ಟರಿಗೆ ಹೇಳಿದರೆ ಅವರ ಭೇಟಿಗೆ ಏನೂ ಕೊಡಬೇಕಿರಲಿಲ್ಲ ನಿಜ. ಆದರೆ ಅವರು ಎಕ್ಸ್‌ರೇ ತೆಗೆಸಿ ಎನ್ನುತ್ತಾರೆ. ಎಕ್ಸ್‌ರೇಗೆ ಖಾತೆಯಿಂದ ಹಣ ತೆಗೆಯಬೇಕು. ಪುಸ್ತಕ ಮುಟ್ಟಿದಂತಾಗುತ್ತದೆ. ಯುಗಾದಿಗೆ ಇನ್ನು ನಾಲ್ಕು ತಿಂಗಳು, ಆಮೇಲೆ ತೋರಿಸಿದರಾಯಿತು ಎಂದುಕೊಂಡೆ. ಇದನ್ನು ಈಗ ಬರೆಯುವಾಗ ಎಷ್ಟು ಮೂರ್ಖತನವಾಗಿ ಕಾಣುತ್ತದೆಯೋ ಆಗ ಅಷ್ಟೇ ಸರಿಯಾಗಿ ಕಂಡಿತ್ತು. ಇನ್ನೂ ಒಂದು ಕಾರಣವಿತ್ತು, ಅದನ್ನೂ ದಾಖಲಿಸಬೇಕು. ಪುಸ್ತಕದಲ್ಲಿ ಒಂದು ಸಾಲು ಬಿದ್ದರೆ ಕಾಯಿಲೆ ನಿಜವಾಗುತ್ತದೆ ಎಂಬ ಭಯ. ಅಚ್ಚಾಗದ್ದು ಸುದ್ದಿಯಲ್ಲ ಎಂದು ನಂಬುವ ಕಸುಬಿನವನಿಗೆ ಈ ಭಯ ಬೇಗ ಹತ್ತುತ್ತದೆ.

ಸಂಕ್ರಾಂತಿಯ ಹೊತ್ತಿಗೆ ಸಂಜೆ ಮೈ ಬಿಸಿಯಾಗತೊಡಗಿತು. ಬೆಲ್ಟಿಗೆ ಎರಡು ಹೊಸ ತೂತು ಹಾಕಿಸಿದೆ.

"ರೀ, ಇಳಿದು ಹೋಗಿದೀರಲ್ಲ, ಊಟ ಸೇರ್ತಿಲ್ವಾ?" ಎಂದಳು ಗಿರಿಜ.

"ಕಚೇರಿಯಲ್ಲಿ ಕೆಲಸ ಜಾಸ್ತಿ."

"ಗುರುವಾರ ಡಾಕ್ಟ್ರಿಗೆ ಹೇಳಿ ಮತ್ತೆ."

ಗುರುವಾರ ಡಾಕ್ಟರು ಬಂದರು. "ಏನ್ರೀ ಪ್ರಕಾಶ್, ತೆಳ್ಳಗಾಗಿದೀರಿ?"

"ವಾಕಿಂಗ್ ಹೋಗ್ತಿದ್ದೀನಿ ಸಾರ್."

"ಒಳ್ಳೇದು, ಒಳ್ಳೇದು. ಗಿರಿಜಮ್ಮ, ಕಾಫಿಗೆ ಸಕ್ಕರೆ ಕಮ್ಮಿ ಹಾಕಿ, ನಾನೂ ಹಂಗೇ ತೆಳ್ಳಗಾಗ್ಬೇಕು."

ನಾನು ವಾಕಿಂಗ್ ಹೋಗುತ್ತಿರಲಿಲ್ಲ. ಆ ಹೊತ್ತಿಗೆ ನೇರ ನಡೆಯುವುದೇ ಕಷ್ಟವಾಗಿತ್ತು. ಎಡಗಾಲಿನ ಚಪ್ಪಲಿ ದಾರಿಯಲ್ಲಿ ಜಾರಿ ಹಿಂದೆ ಉಳಿಯುತ್ತಿತ್ತು. ಉಳಿದದ್ದು ನನಗೆ ಗೊತ್ತಾಗುತ್ತಿರಲಿಲ್ಲ. ಒಮ್ಮೆ ಗೋಪಿ ಸರ್ಕಲ್ಲಿನಲ್ಲಿ ಹೂ ಮಾರುವ ಹೆಂಗಸು ಕೂಗಿ ಕರೆದು, "ಅಣ್ಣಾ, ಚಪ್ಪಲಿ ಬಿಟ್ಟು ಹೊಂಟ್ಯಲ್ಲ!" ಎಂದಳು. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಮರುದಿನ ಶೂ ಕೊಂಡೆ, ಲೇಸು ಬಿಗಿದು ಕಟ್ಟಿದೆ.

ಆ ಯುಗಾದಿಯ ಭಾನುವಾರ ಭದ್ರಾವತಿಗೆ ಹೋದೆವು. ಗಿರಿಜ ಹಸಿರು ಅಂಚಿನ ಹೊಸ ಸೀರೆ ಉಟ್ಟಿದ್ದಳು. ಔಷಧಿ ಅಂಗಡಿಯ ಪಕ್ಕದಿಂದ ಮೇಲಕ್ಕೆ ಹತ್ತೊಂಬತ್ತು ಮೆಟ್ಟಿಲು, ಕಡಿದಾದ ಕಲ್ಲಿನವು. ಅವಳು ಮೊದಲು ಹತ್ತಿಹೋದಳು. ಯಾರೋ ಸಿಕ್ಕಿ ಮಾತಾಡಿಸಿದ್ದರಿಂದ ನಾನು ಕೆಳಗೆ ಉಳಿದೆ. ಮೇಲಿನಿಂದ ಮಾವನ ದನಿ ಕೇಳಿಸುತ್ತಿತ್ತು. ಅವರು ಪಟ್ಟಿ ಓದುವ ರೀತಿಯೇ ಚೆಂದ. ಕಾಗದವನ್ನು ಎದೆಯ ಮಟ್ಟಕ್ಕೆ ಹಿಡಿದು, ಕಣ್ಣನ್ನು ಜನರ ಮೇಲಿಟ್ಟು, ಒಂದು ಹೆಸರೂ ತಪ್ಪದಂತೆ ಗಟ್ಟಿಯಾಗಿ ಕೂಗುತ್ತಿದ್ದರು. "ಗಿರಿಜ ಪ್ರಕಾಶ್, ರವೀಂದ್ರನಗರ, ಏಳನೇ ವರ್ಷ!" ಚಪ್ಪಾಳೆ ಬಿತ್ತು. ನಾನು ಹತ್ತತೊಡಗಿದೆ.

ಏಳನೆಯ ಮೆಟ್ಟಿಲಿನ ಮೇಲೆ ಎಡಗಾಲು ಏಳಲಿಲ್ಲ. ನೋವಾಗಲಿಲ್ಲ, ಜಾರಲಿಲ್ಲ. ಏಳು ಎಂದೆ, ಅದು ಕೇಳಲಿಲ್ಲ. ಗೋಡೆ ಹಿಡಿದು ಬಲಗಾಲು ಎತ್ತಲು ನೋಡಿದೆ. ಅದೂ ನಡುಗಿತು. ಕೂತುಬಿಟ್ಟೆ. ಮೇಲೆ ಬಾಗಿಲಿನಲ್ಲಿ ಗಿರಿಜ, ಕೈಯಲ್ಲಿ ಅರಿಶಿನದ ತೆಂಗಿನಕಾಯಿ, ನನ್ನನ್ನು ಹುಡುಕಿಕೊಂಡು ಬಂದು ನಿಂತಿದ್ದಳು.

"ಯಾಕ್ರೀ ಅಲ್ಲೇ ಕೂತ್ರಿ?"

"ಕಾಲು ಬರ್ತಿಲ್ಲ."

ಡಾಕ್ಟರು ಇಳಿದು ಬಂದರು. ನನ್ನನ್ನು ಎಬ್ಬಿಸಲಿಲ್ಲ. ಹಿಂದಿನ ಮೆಟ್ಟಿಲಿನ ಮೇಲೆ ತಾವೂ ಕೂತು, ಶರ್ಟು ಎತ್ತಿ, ಬೆರಳ ಗೆಣ್ಣಿನಿಂದ ಬೆನ್ನುಮೂಳೆಯ ಗಂಟುಗಳನ್ನು ಒಂದೊಂದಾಗಿ ತಟ್ಟುತ್ತಾ ಬಂದರು. ಒಂದು ಕಡೆ ತಟ್ಟಿದಾಗ ನಾನು ಕೂಗಿಬಿಟ್ಟೆ.

"ಎಷ್ಟು ದಿನದಿಂದ?"

"ದಸರಾದಿಂದ."

ಅವರು ಹೇಳಿದ್ದು ನನಗಲ್ಲ, ಗೋಡೆಗೆ. "ಗುರುವಾರ ಗುರುವಾರ ಹೋಗಿ ಕಾಫಿ ಕುಡ್ಕೊಂಡು ಬಂದ ಕತ್ತೆ ನಾನು."

ಗಿರಿಜ ಕೆಳಗಿಳಿದು ಬಂದಳು. ತೆಂಗಿನಕಾಯಿಯನ್ನು ಮೆಟ್ಟಿಲಿನ ಮೂಲೆಗೆ ಇಟ್ಟಳು. ಅವಳು ಅಳುತ್ತಾಳೆ ಅಥವಾ ಬೈಯುತ್ತಾಳೆ ಎಂದುಕೊಂಡೆ. ಅವಳು ತಲೆಯೆತ್ತಿ ಮೇಲೆ ನಿಂತಿದ್ದ ಕಾರ್ಯದರ್ಶಿಯನ್ನು ಕೇಳಿದ್ದು ಇಷ್ಟೆ: "ಹಣ ತೆಗೆಯೋ ಚೀಟಿ ಇದೆಯಾ ಸಾರ್? ಒಂದು ಪೆನ್ನು ಕೊಡಿ."

ಮೆಟ್ಟಿಲಿನ ಮೇಲೇ ಕೂತು, ಮಂಡಿಯ ಮೇಲೆ ಪಾಸ್‌ಬುಕ್ ಇಟ್ಟು, ಅವಳು ಚೀಟಿ ಬರೆದಳು. ಮಾವ ಪಟ್ಟಿ ಹಿಡಿದ ಕೈಯನ್ನು ಇಳಿಸಿರಲಿಲ್ಲ.

ಸೋಮವಾರ ಶಿವಮೊಗ್ಗದಲ್ಲಿ ಎಕ್ಸ್‌ರೇ ಆಯಿತು. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮಡಿಲಲ್ಲಿಟ್ಟುಕೊಂಡರು.

"ಎರಡು ಮೂಳೆ ತಿಂದಿದೆ. ತಿಂದಿದ್ದು ಯಾರು ಅಂತ ಇಲ್ಲಿ ಗೊತ್ತಾಗಲ್ಲ. ಘಾಟಿ ಇಳಿದು ಕರಾವಳಿಯ ದೊಡ್ಡ ಆಸ್ಪತ್ರೆಗೆ ಹೋಗ್ಬೇಕು."

"ಯಾರ್ಯಾರು ಇರಬಹುದು ಸಾರ್?"

"ಇಬ್ಬರು. ಒಬ್ಬ ಮಾತ್ರೆಗೆ ಬಗ್ತಾನೆ."

ಇನ್ನೊಬ್ಬನ ಹೆಸರನ್ನು ಅವರು ಹೇಳಲಿಲ್ಲ. ನಾವೂ ಕೇಳಲಿಲ್ಲ.

ಒಂದು ಅಂಬಾಸಡರ್ ಗೊತ್ತುಮಾಡಿಕೊಂಡು ಹೋದೆವು. ಹಿಂದಿನ ಸೀಟಿನಲ್ಲಿ ನಾನು ಮಲಗಿದ್ದೆ, ತಲೆ ಗಿರಿಜಳ ತೊಡೆಯ ಮೇಲೆ. ಮುಂದೆ ಡಾಕ್ಟರು. ಘಾಟಿಯ ಪ್ರತಿ ತಿರುವಿಗೆ ಮೊದಲು ಅವರು "ಈಗ ಎಡಕ್ಕೆ", "ಈಗ ಬಲಕ್ಕೆ" ಎಂದು ಹೇಳುತ್ತಿದ್ದರು. ಗಿರಿಜ ಅದಕ್ಕೆ ಸರಿಯಾಗಿ ನನ್ನ ಹೆಗಲನ್ನು ಒತ್ತಿ ಹಿಡಿಯುತ್ತಿದ್ದಳು. ಮಲಗಿದವನಿಗೆ ರಸ್ತೆ ಕಾಣುವುದಿಲ್ಲ, ತಿರುವು ಬರುವುದು ಗೊತ್ತಾಗುವುದಿಲ್ಲ. ಮೊದಲೇ ಹೇಳಿದರೆ ನೋವು ಅರ್ಧ ಕಡಿಮೆ. ಆ ಒಂದೂವರೆ ವರ್ಷದಲ್ಲಿ ಡಾಕ್ಟರು ನನಗೆ ಮಾಡಿದ್ದರಲ್ಲಿ ಹೆಚ್ಚಿನದು ಇದೇ ಕೆಲಸ.

ಕರಾವಳಿಯ ಆ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರಿಗೆ ಯಾವ ಅಧಿಕಾರವೂ ಇರಲಿಲ್ಲ. ಎಲ್ಲರಂತೆ ಸಾಲಿನಲ್ಲಿ ನಿಂತು ಚೀಟಿ ಮಾಡಿಸಿದರು. ಎಲ್ಲರಂತೆ ಬೆಂಚಿನಲ್ಲಿ ಕೂತರು. ನನ್ನನ್ನು ಸ್ಟ್ರೆಚರಿನ ಮೇಲೆ ಗೋಡೆ ಬದಿಗೆ ನಿಲ್ಲಿಸಿದ್ದರು. ಸ್ಕ್ಯಾನ್ ಮಾಡಿದರು, ಬೆನ್ನಿಗೆ ಸೂಜಿ ಚುಚ್ಚಿ ಚೂರು ತೆಗೆದರು. ಫಲಿತಾಂಶಕ್ಕೆ ಆರು ದಿನ. ಹತ್ತಿರದ ಲಾಡ್ಜಿನಲ್ಲಿ ಉಳಿದೆವು.

ಆ ಆರು ದಿನವೂ ಡಾಕ್ಟರು ಭದ್ರಾವತಿಗೆ ಹೋಗಲಿಲ್ಲ. ಅಲ್ಲಿನ ಉಳಿದ ಮನೆಯವರು ಲಾಡ್ಜಿಗೇ ಫೋನ್ ಮಾಡುತ್ತಿದ್ದರು. ಯಾರದೋ ಮಗುವಿನ ಜ್ವರಕ್ಕೆ, ಯಾರದೋ ತಾಯಿಯ ಸಕ್ಕರೆಗೆ ಅವರು ಕೌಂಟರಿನಲ್ಲಿ ನಿಂತೇ ಹೇಳುತ್ತಿದ್ದರು. ಬೆಳಿಗ್ಗೆ ನಮ್ಮ ಪತ್ರಿಕೆ ತರಿಸಿ, ಜಿಲ್ಲಾ ಪುಟ ತೆರೆದು ತಪ್ಪು ಹುಡುಕುತ್ತಿದ್ದರು.

"ನೋಡ್ರಿ ಇಲ್ಲಿ, 'ಮೃತರು ಸ್ಥಳದಲ್ಲೇ ಸಾವನ್ನಪ್ಪಿದರು' ಅಂತೆ. ಮೃತರು ಇನ್ನೊಂದ್ಸಲ ಹೆಂಗ್ರೀ ಸಾಯ್ತಾರೆ? ನೀವು ಇಲ್ಲಿ ಮಲ್ಕೊಂಡ್ರೆ ಜಿಲ್ಲೆ ಹಾಳಾಗುತ್ತೆ, ಬೇಗ ಏಳಿ."

ಐದನೆಯ ದಿನ, ಸೂಜಿ ಚುಚ್ಚಿದ ಜಾಗ ತೋರಿಸಲು ಹೋಗಿ ಕಾಯುತ್ತಿದ್ದಾಗ, ಪಕ್ಕದ ಸ್ಟ್ರೆಚರಿನವನ ತಾಯಿ ಕೇಳಿದಳು. "ಇವ್ರು ನಿಮ್ಮ ಅಣ್ಣನಾ?"

ಡಾಕ್ಟರು ನನಗಿಂತ ಮೊದಲು ಉತ್ತರಿಸಿದರು. "ಹೌದಮ್ಮ. ಹೇಳಿದ ಮಾತು ಕೇಳದ ತಮ್ಮ."

ಆ ತಾಯಿ ನನಗೆ ಬುದ್ಧಿ ಹೇಳಿದಳು. ಹಿರಿಯರ ಹತ್ತಿರ ಏನನ್ನೂ ಮುಚ್ಚಿಡಬಾರದಂತೆ.

ಆರನೆಯ ದಿನ ಡಾಕ್ಟರೇ ಒಳಗೆ ಹೋಗಿ ವರದಿ ತಂದರು. ಕಾರಿಡಾರಿನ ತುದಿಯಿಂದ ಬರುವಾಗ ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಚಪ್ಪಲಿಯ ಸದ್ದು ಕೇಳುತ್ತಾ ಮಲಗಿದ್ದೆ. ಅವರು ಬೇಗ ಬೇಗ ನಡೆಯುತ್ತಿದ್ದರು. ಕೆಟ್ಟ ಸುದ್ದಿ ತರುವವರು ಹಾಗೆ ನಡೆಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

"ಟಿಬಿ!" ಎಂದರು ಇನ್ನೂ ಹತ್ತು ಹೆಜ್ಜೆ ದೂರವಿರುವಾಗಲೇ, ಲಾಟರಿ ಹೊಡೆದವರ ದನಿಯಲ್ಲಿ. "ಗಿರಿಜಮ್ಮ, ಬರೀ ಟಿಬಿ ಕಣಮ್ಮ!"

ಗಿರಿಜ ಆಗ ಅತ್ತಳು. ಸುತ್ತ ಕೂತವರು ನಮ್ಮನ್ನು ವಿಚಿತ್ರವಾಗಿ ನೋಡಿದರು. ಕ್ಷಯ ಎಂದು ತಿಳಿದು ಮೂರು ಜನ ಹೀಗೆ ಸಂತೋಷಪಟ್ಟದ್ದನ್ನು ಅವರು ಕಂಡಿರಲಿಕ್ಕಿಲ್ಲ.

ಆದರೆ ಕಾಲಿನ ಪ್ರಶ್ನೆ ಉಳಿದಿತ್ತು. ಅಲ್ಲಿನ ತಜ್ಞರು ಸ್ಪಷ್ಟವಾಗಿ ಹೇಳಿದ್ದರು. ಮಾತ್ರೆಯಿಂದ ರೋಗ ಹೋಗುತ್ತದೆ, ಕಾಲಿನ ಶಕ್ತಿ ಎಷ್ಟು ಮರಳುತ್ತದೆ ಎಂದು ಈಗಲೇ ಹೇಳಲಾಗದು; ಎರಡು ತಿಂಗಳು ಮೊದಲೇ ಬಂದಿದ್ದರೆ ಇಷ್ಟು ಯೋಚಿಸಬೇಕಾಗಿರಲಿಲ್ಲ. ಆ ಎರಡು ತಿಂಗಳು ಯಾವುವು ಎಂದು ನನಗೆ ಗೊತ್ತಿತ್ತು. ಬೆಲ್ಟಿಗೆ ತೂತು ಹಾಕಿಸಿದ್ದು, ಶೂ ಕೊಂಡದ್ದು.

ರವೀಂದ್ರನಗರದ ಮನೆಯ ಮುಂದಿನ ಕೋಣೆಯಲ್ಲಿ ಹಲಗೆಯ ಮಂಚ ಹಾಕಿದರು. ಮೂರು ತಿಂಗಳು ಅಂಗಾತ. ಬೆಳಿಗ್ಗೆ ಹಿಡಿ ತುಂಬ ಮಾತ್ರೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ ದಿನ ಹೆದರಲಿಲ್ಲ, ಏಕೆಂದರೆ ಡಾಕ್ಟರು ಹಿಂದಿನ ದಿನವೇ ಹೇಳಿದ್ದರು. ಗಿರಿಜ ಶಾಲೆಗೆ ಹೋಗುವ ಮುನ್ನ ನನ್ನ ಬದಿಯಲ್ಲಿ ನೀರು, ಪತ್ರಿಕೆ, ಫೋನು ಇಟ್ಟು ಹೋಗುತ್ತಿದ್ದಳು. ಮೊದಲ ಎರಡು ವಾರ ಅವಳು ನನ್ನೊಡನೆ ಹೆಚ್ಚು ಮಾತಾಡಲಿಲ್ಲ. ಒಂದು ಬೆಳಿಗ್ಗೆ ನನ್ನ ಮುಖ ಒರೆಸುತ್ತಾ ಕೇಳಿದಳು.

"ಒಂದು ಕಾಯಿಗೋಸ್ಕರ ನಾನು ನಿಮ್ಮ ಕಾಲು ಬಿಟ್ಟುಕೊಡ್ತೀನಿ ಅಂದ್ಕೊಂಡ್ರಾ?"

ಸಿಟ್ಟು ಬಂದಿತ್ತು ಅವಳಿಗೆ, ಅದು ನ್ಯಾಯವಾಗಿತ್ತು. ಅಂದಿನಿಂದ ಮಾತು ಸರಿಯಾಯಿತು.

ನಾಗರಾಜ ಒಮ್ಮೆ ನೋಡಲು ಬಂದ. ಬಾಗಿಲಲ್ಲೇ ನಿಂತ, ಕರವಸ್ತ್ರ ಮೂಗಿನ ಹತ್ತಿರ. ಕಚೇರಿಯಲ್ಲಿ ನನ್ನ ಟೆಲಿಫೋನನ್ನು ಡೆಟಾಲ್ ಹಾಕಿ ಒರೆಸಿದ್ದಾರೆ ಎಂದು ನನಗೆ ಅಷ್ಟರಲ್ಲಿ ಗೊತ್ತಾಗಿತ್ತು. ಅವತ್ತು ಗುರುವಾರ. ಡಾಕ್ಟರು ಹಿಂದಿನಿಂದಲೇ ಬಂದರು.

"ಒಳಗೆ ನಡಿಯಪ್ಪಾ. ಇವ್ರಿಗೆ ಕಾಯಿಲೆ ಇರೋದು ಬೆನ್ನಲ್ಲಿ. ಬೆನ್ನು ಕೆಮ್ಮಲ್ಲ."

ನಾಗರಾಜ ಕರವಸ್ತ್ರವನ್ನು ಜೇಬಿಗಿಟ್ಟ. ಅವನ ಮುಖ ಕೆಂಪಾಗಿತ್ತು. "ತಪ್ಪು ತಿಳ್ಕೋಬೇಡ ಮಾರಾಯ, ಮನೇಲಿ ಸಣ್ಣ ಮಕ್ಕಳಿದ್ದಾವೆ" ಎಂದ. ಮರುದಿನದಿಂದ ಜಿಲ್ಲಾ ಪುಟದ ಪ್ರೂಫನ್ನು ಅವನೇ ಮಧ್ಯಾಹ್ನ ಸ್ಕೂಟರಿನಲ್ಲಿ ತಂದು ಕೊಡುತ್ತಿದ್ದ, ಮಂಚದ ತುದಿಯಲ್ಲಿ ಕೂತು ಕಾಯುತ್ತಿದ್ದ. ನಾನು ಅಂಗಾತ ಮಲಗಿ, ರಟ್ಟಿಗೆ ಕಾಗದ ಸಿಕ್ಕಿಸಿಕೊಂಡು ತಿದ್ದುತ್ತಿದ್ದೆ. ಬಾಲ್‌ಪೆನ್ನು ಮೇಲ್ಮುಖವಾಗಿ ಬರೆಯುವುದಿಲ್ಲ, ಪೆನ್ಸಿಲ್ ಬರೆಯುತ್ತದೆ. ಅಂಗಾತ ಮಲಗಿ ಕೆಲಸ ಮಾಡಬೇಕಾದವರಿಗೆ ಉಪಯೋಗವಾದೀತೆಂದು ಬರೆದಿದ್ದೇನೆ.

ಗುರುವಾರದ ಭೇಟಿಯಲ್ಲಿ ಒಂದು ಪರೀಕ್ಷೆ ಇರುತ್ತಿತ್ತು. ನಾನು ಕಣ್ಣು ಮುಚ್ಚಬೇಕು. ಡಾಕ್ಟರು ನನ್ನ ಕಾಲಿನ ಹೆಬ್ಬೆರಳನ್ನು ಹಿಡಿದು ಮೇಲಕ್ಕೋ ಕೆಳಕ್ಕೋ ಸರಿಸುತ್ತಿದ್ದರು.

"ಮೇಲಾ, ಕೆಳಗಾ?"

"ಮೇಲೆ."

"ಈಗ?"

"ಕೆಳಗೆ."

"ಈಗ?"

"...ಮೇಲೆ."

"ನಾನು ಬೆರಳು ಮುಟ್ಟೇ ಇಲ್ಲ ಸ್ವಾಮಿ," ಎಂದರು ಡಾಕ್ಟರು. "ಊಹೆ ಬರೀಬೇಡಿ. ಪೇಪರಲ್ಲಿ ಬರೀತೀರಾ ಹಿಂಗೆ? ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಿ. ಅದೂ ಒಂದು ಮಾಹಿತೀನೇ."

ಅಂದಿನಿಂದ ಗೊತ್ತಿಲ್ಲ ಎನ್ನಲು ಕಲಿತೆ. ವಾರದಿಂದ ವಾರಕ್ಕೆ ಹತ್ತರಲ್ಲಿ ಹತ್ತೂ ಗೊತ್ತಿಲ್ಲ. ಕೋಣೆಯ ಮೂಲೆಯಲ್ಲಿ ಗಿರಿಜ ಬೆನ್ನು ತಿರುಗಿಸಿ ಬಟ್ಟೆ ಮಡಿಸುತ್ತಿರುತ್ತಿದ್ದಳು. ಆ ಹೊತ್ತಿನಲ್ಲಿ ಒಂದೇ ಸೀರೆಯನ್ನು ಮೂರು ಸಲ ಮಡಿಸುತ್ತಿದ್ದಳು. ಒಂಬತ್ತನೆಯ ವಾರ ಒಂದು ಸಲ ಏನೋ ಎಳೆದಂತಾಯಿತು. "ಕೆಳಗೆ ಅನ್ಸುತ್ತೆ" ಎಂದೆ. ಡಾಕ್ಟರು ಬೆರಳನ್ನು ಬಿಡಲಿಲ್ಲ. ಮತ್ತೆ ಸರಿಸಿದರು. "ಮೇಲೆ." ಮತ್ತೆ. "ಮೇಲೇ ಇದೆ, ಸರಿಸಿಲ್ಲ."

"ಕಣ್ಣು ಬಿಡಿ" ಎಂದರು. ಬೆರಳು ಮೇಲಕ್ಕಿತ್ತು. ಮೂರಕ್ಕೆ ಮೂರು ಸರಿ.

"ಗಿರಿಜಮ್ಮ, ಆ ಸೀರೆ ಬಿಡಿ, ಹರಿದು ಹೋಗುತ್ತೆ. ಇವತ್ತು ಕಾಫಿಗೆ ಸಕ್ಕರೆ ಜಾಸ್ತಿ ಹಾಕಿ."

ಹನ್ನೆರಡನೆಯ ವಾರ ಹತ್ತಕ್ಕೆ ಹತ್ತೂ ಸರಿಯಾಯಿತು. ಬೆನ್ನಿಗೆ ಪಟ್ಟಿ ಬಿಗಿದು ಕೂರಿಸಿದರು. ಮತ್ತೆರಡು ವಾರ ಕಳೆದ ಮೇಲೆ ಎಬ್ಬಿಸಿ ಕಾಲ ಮೇಲೆ ನಿಲ್ಲಿಸಿದರು. ಗೋಡೆ ಹಿಡಿದು ಬಚ್ಚಲಿಗೆ ನಾನೇ ಹೋದ ಬೆಳಿಗ್ಗೆ ಒಳಗಿನಿಂದ ಚಿಲಕ ಹಾಕಿಕೊಂಡೆ. ಹೊರಗೆ ಗಿರಿಜ "ಚಿಲಕ ಹಾಕ್ಬೇಡ್ರೀ" ಎನ್ನುತ್ತಿದ್ದಳು. ತಿಂಗಳುಗಟ್ಟಲೆ ಎಲ್ಲವನ್ನೂ ಇನ್ನೊಬ್ಬರ ಕಣ್ಣೆದುರೇ ಮಾಡಿದವನಿಗೆ ಆ ಚಿಲಕದ ಸದ್ದು ಎಷ್ಟು ಹಿತವಾಗಿತ್ತು ಎಂಬುದು ಅಂಥ ಮಂಚದಲ್ಲಿ ಮಲಗಿದವರಿಗೆ ಮಾತ್ರ ಗೊತ್ತು.

ಮಾವ ಆ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಭದ್ರಾವತಿಯಿಂದ ರೈಲಿನಲ್ಲಿ ಬರುತ್ತಿದ್ದರು. ಕುರ್ಚಿಯಲ್ಲಿ ಕೂತು, ನಾನು ಕೇಳಿದ್ದಕ್ಕಷ್ಟೇ ಉತ್ತರಿಸಿ, ಸಂಜೆಗೆ ಮುನ್ನ ಎದ್ದು ಹೋಗುತ್ತಿದ್ದರು. ನಾನು ನಡೆಯತೊಡಗಿದ ಮೇಲೆ ಒಂದು ದಿನ ತಾವಾಗಿ ಮಾತೆತ್ತಿದರು. ಎಡಗೈ ಚಾಚಿ ನಡುಬೆರಳು ತೋರಿಸಿದರು. ಅದರ ತುದಿ ಸೊಟ್ಟಗಿರುವುದನ್ನು ನಾನು ಮದುವೆಯ ದಿನದಿಂದ ನೋಡಿದ್ದೆ.

"ಇದು ಹೆಂಗಾಯ್ತು ಗೊತ್ತಾ ಅಳಿಯಂದ್ರೇ? ನಮ್ಮ ಶಾಪಿನಲ್ಲಿ ಒಂದು ಬೋರ್ಡಿತ್ತು. ಅಪಘಾತ ಇಲ್ದೆ ಎಷ್ಟು ದಿನ ಆಯ್ತು ಅಂತ ದಿನಾ ಸುಣ್ಣದ ಕಡ್ಡೀಲಿ ಬರೀತಿದ್ವಿ. ನೂರು ದಿನ ಆದ್ರೆ ಎಲ್ರಿಗೂ ಸ್ಟೀಲ್ ಡಬ್ಬಿ. ತೊಂಬತ್ತೇಳನೇ ದಿನ ನನ್ನ ಬೆರಳು ಅಚ್ಚಿನ ಕೆಳಗೆ ಸಿಕ್ತು. ಚಿಂದಿ ಸುತ್ಕೊಂಡು ಜೇಬಲ್ಲಿಟ್ಕೊಂಡೆ. ಮೂರು ದಿನ ಡಾಕ್ಟ್ರಿಗೂ ತೋರಿಸ್ಲಿಲ್ಲ."

"ಡಬ್ಬಿ ಸಿಕ್ತಾ?"

"ಸಿಕ್ತು. ನಿಮ್ಮತ್ತೆ ಇವತ್ತಿಗೂ ಅದ್ರಲ್ಲೇ ಸಕ್ಕರೆ ಹಾಕೋದು." ಅವರು ಬೆರಳನ್ನು ಮಡಚಿಕೊಂಡರು. "ನಮ್ಮ ಹುಡುಗ್ರು ಗಾಯ ಮುಚ್ಚಿಡೋದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಬೋರ್ಡನ್ನೇ ತಂದು ನಿಮ್ಮ ದೇವರ ಗೂಡಲ್ಲಿಟ್ಟೆ."

ಮುಂದಿನ ಯುಗಾದಿಯ ಭಾನುವಾರ ಮತ್ತೆ ಭದ್ರಾವತಿಗೆ ಹೋದೆವು. ಅಷ್ಟರಲ್ಲಿ ಮಾತ್ರೆಗಳು ಕೊನೆಯ ಡಬ್ಬಿಗೆ ಬಂದಿದ್ದವು. ಗಿರಿಜ ಈ ಸಲ ಮೊದಲು ಹತ್ತಲಿಲ್ಲ, ಪಕ್ಕದಲ್ಲೂ ಬರಲಿಲ್ಲ. ಒಂದು ಮೆಟ್ಟಿಲು ಹಿಂದೆ ಬಂದಳು, ಬಿದ್ದರೆ ಹಿಡಿಯುವುದಕ್ಕೆ. ಏಳನೆಯದರ ಮೇಲೆ ಇಬ್ಬರೂ ಮಾತು ನಿಲ್ಲಿಸಿದೆವು. ಎಂಟನೆಯದರ ಮೇಲೆ ಅವಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಕೋಣೆ ತುಂಬಿತ್ತು. ತೆಂಗಿನಕಾಯಿಗಳ ಬುಟ್ಟಿ ಇರಲಿಲ್ಲ. ಕಾರ್ಯದರ್ಶಿ ಡಾಕ್ಟರ ಪಾಲನ್ನು ಬರೆದು ಮುಗಿಸಿದರು. ಅಭ್ಯಾಸದಂತೆ ಎಲ್ಲರೂ ಮಾವನ ಕಡೆ ತಿರುಗಿದರು. ಅವರು ಎದ್ದು, ಕೈಯಲ್ಲಿದ್ದ ಪಟ್ಟಿಯನ್ನು ನನ್ನತ್ತ ಚಾಚಿದರು.

"ಈ ಸಲ ನೀವು ಓದಿ ಅಳಿಯಂದ್ರೇ. ನನಗೆ ಕಾಣಲ್ಲ."

ನಾನು ಪಟ್ಟಿಯನ್ನು ತೆಗೆದುಕೊಂಡೆ.

"ಎರಡು ವರ್ಷ ಆಯ್ತು," ಎಂದರು ಮಾವ. "ಹೋದ್ ಸಲ ಓದ್ಲಿಲ್ಲ ನಾನು. ಕಾರ್ಯದರ್ಶಿಗಳ ಹತ್ರ ಕೇಳ್ಕೊಂಡು, ಹೆಸರೆಲ್ಲ ಬಾಯಿಪಾಠ ಮಾಡ್ಕೊಂಡು ಬಂದಿದ್ದೆ. ಕಾಗದ ಸುಮ್ನೆ ಹಿಡ್ಕೊಂಡಿದ್ದೆ ಅಷ್ಟೆ. ನನ್ನ ಪುಸ್ತಕ ಮೊದಲಿಂದ್ಲೂ ಮುಟ್ಟದ ಪುಸ್ತಕ. ಇವತ್ತು ಮುಟ್ತೀನಿ."

ಡಾಕ್ಟರು ಅವರ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ಎರಡೂ ಕಣ್ಣಿನಲ್ಲಿ ಬೂದು ಬಣ್ಣದ ಪೊರೆ ಬರಿಗಣ್ಣಿಗೇ ಕಾಣುತ್ತಿತ್ತು. ನಾವೆಲ್ಲ ಅದನ್ನು ವಯಸ್ಸು ಎಂದುಕೊಂಡಿದ್ದೆವು.

"ಪೊರೆ ತೆಗೆಸಿದ್ರೆ ಕಾಣುತ್ತೆ ಫೋರ್‌ಮನ್ನೇ, ಹೆದರ್ಬೇಡಿ" ಎಂದು ಅವರು ಮಾವನಿಗೆ ಹೇಳಿದರು. ಆಮೇಲೆ ಕೋಣೆಯ ಕಡೆ ತಿರುಗಿದರು. ದನಿ ಏರಿರಲಿಲ್ಲ. "ಇನ್ನೂ ಎಷ್ಟು ಜನ ಇದೀರಿ ಇಲ್ಲಿ, ಹೇಳ್ದೇ ಇರೋರು?"

ಬಾಗಿಲ ಹತ್ತಿರದ ಒಬ್ಬ ಮೋಲ್ಡರು ಅರ್ಧ ಕೈ ಎತ್ತಿದರು. ಅವರ ಹೆಂಡತಿ "ನಿಮಗೇನ್ರೀ ಆಗಿದೆ?" ಎಂದು ಬೆಚ್ಚಿ ಕೇಳಿದಳು. ಅವರು ಉತ್ತರಿಸುವ ಮೊದಲೇ ಕಿಟಕಿಯ ಬಳಿ ಇನ್ನೊಂದು ಕೈ ಎದ್ದಿತು. ಹೆಂಗಸರ ಸಾಲಿನಲ್ಲಿ ಒಂದು, ಅದರ ಪಕ್ಕದಲ್ಲೇ ಮತ್ತೊಂದು.

"ಒಬ್ಬೊಬ್ರಾಗಿ ಬನ್ನಿ," ಎಂದರು ಡಾಕ್ಟರು. "ಪತ್ರಿಕೆಯವ್ರೇ, ಸುಮ್ನೆ ನಿಂತ್ರೆ ಹೆಂಗೆ? ಬರ್ಕೊಳ್ಳಿ. ಹೆಸರು, ಎಲ್ಲಿ ನೋವು, ಎಷ್ಟು ದಿನದಿಂದ. ಊಹೆ ಬೇಡ."

ಮಾವನ ಪಟ್ಟಿಯ ಹಾಳೆಯನ್ನೇ ತಿರುವಿ, ಅದರ ಹಿಂಬದಿಯಲ್ಲಿ ಬರೆಯತೊಡಗಿದೆ. ಮೊದಲ ಹೆಸರು ಮಾವನದು. ಸ್ವಲ್ಪ ಹೊತ್ತಿಗೇ ಹಾಳೆ ತುಂಬಿತು, ಸಾಲು ಇನ್ನೂ ಇತ್ತು. ಗಿರಿಜ ಎದ್ದಳು. ನಾನು ತಡೆದೆ. ಕೆಳಗಿನ ಅಂಗಡಿಗೆ ನಾನೇ ಹೋಗಿ ಇನ್ನೆರಡು ಹಾಳೆ ಕಾಗದ ತಂದೆ. ಹತ್ತೊಂಬತ್ತು ಇಳಿದು, ಹತ್ತೊಂಬತ್ತು ಹತ್ತಿ.